ಇಪ್ಪತ್ತೆರಡು ಕಿಲೋ ಬಿಗಿ

ಅಪ್ಪ ಶಿಳ್ಳೆ ಹಾಕಲು ಶುರು ಮಾಡಿದಾಗಲೇ ಲೆಕ್ಕದಮ್ಮನ ಎದೆ ಡವಡವ ಎನ್ನತೊಡಗಿತು.

ಅಪ್ಪ ಕೆಲಸದ ಹೊತ್ತಿನಲ್ಲಿ ಶಿಳ್ಳೆ ಹಾಕುವವನೇ ಅಲ್ಲ. ಟೆನಿಸ್ ರಾಕೆಟ್‌ಗೆ ತಂತಿ ಕಟ್ಟುವುದು ಅವನ ಕೆಲಸ. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿರುವ ಮೆಷಿನ್‌ಗೆ ರಾಕೆಟ್ ಸಿಕ್ಕಿಸಿ, ತಂತಿಯನ್ನು ಒಂದೊಂದೇ ತೂತಿಗೆ ಪೋಣಿಸಿ ಎಳೆಯುವಾಗ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತೆಯೂ ಇಲ್ಲ. ಇವತ್ತು ನೋಡಿದರೆ ಶಿಳ್ಳೆ, ಜೊತೆಗೆ ಕಾಲಲ್ಲಿ ತಾಳ ಬೇರೆ!

“ಏನಪ್ಪಾ, ಇಷ್ಟು ಖುಷಿ?”

“ನಿಮ್ಮ ಚಿಕ್ಕಮ್ಮನ ಚೀಟಿ ನೋಡಿದ್ಯಾ? ಇಪ್ಪತ್ತಾರು ಕಿಲೋ! ಅವಳು ಇಪ್ಪತ್ತಾರು ಕೇಳಿ ವರ್ಷದ ಮೇಲಾಯ್ತು.”

ಚೀಟಿ ನೋಡುವುದೇನು ಬಂತು, ಅದನ್ನು ಬರೆದವಳೇ ಲೆಕ್ಕದಮ್ಮ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಇವರ ಮನೆಯಲ್ಲೇ ಇರುವುದು. ಟೆನಿಸ್ ಚಾಂಪಿಯನ್. ಇವತ್ತು ಸಾಯಂಕಾಲ ನಾಲ್ಕಕ್ಕೆ ಅವಳ ಫೈನಲ್ ಮ್ಯಾಚ್. ಅದೇ ತನ್ನ ಕೊನೆಯ ಮ್ಯಾಚ್ ಎಂದು ಪೇಪರಿನವರಿಗೆ ಹೇಳಿಬಿಟ್ಟಿದ್ದಾಳೆ. ಯಾಕೆ ಎಂದು ಕೇಳಿದರೆ “ಸಾಕಾಯ್ತಮ್ಮ” ಅಷ್ಟೇ. ಇಪ್ಪತ್ತನಾಲ್ಕು ವರ್ಷಕ್ಕೇ ಸಾಕಾಗುವುದು ಎಂದರೇನು? ಸ್ಕೂಲ್ ವ್ಯಾನ್ ಡ್ರೈವರಿಗೆ ಐವತ್ತೆಂಟು, ಅವರಿಗೇ ಇನ್ನೂ ಸಾಕಾಗಿಲ್ಲ!

ಚಿಕ್ಕಮ್ಮ ಆಟ ಬಿಡಬಾರದು. ಲೆಕ್ಕದಮ್ಮನಿಗೆ ಬೇಕಾದದ್ದು ಅದೊಂದೇ. ಎಲ್ಲವನ್ನೂ ಎಣಿಸುವ ಚಾಳಿಯಿಂದಲೇ ಅವಳಿಗೆ ಆ ಹೆಸರು ಬಂದಿದ್ದು. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವಳು ಬರೆದಿದ್ದಳು: ‘ಚಿಕ್ಕಮ್ಮ ಬಿಡದಿದ್ದರೆ ಗೆಲ್ಲುವ ಕಪ್‌ಗಳು.’ ಮೂವತ್ತು ವರ್ಷದವರೆಗೆ ಆಡಿದರೆ ಕಮ್ಮಿ ಅಂದರೂ ಹನ್ನೊಂದು.

ಅದೇ ಪುಟದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ತಂತಿಯನ್ನು ಎಷ್ಟು ಕಿಲೋ ಬಿಗಿಯಬೇಕು ಎಂದು ಆಟಗಾರರು ರಾಕೆಟ್‌ಗೆ ಒಂದು ಚೀಟಿ ಕಟ್ಟಿ ಕೊಡುತ್ತಾರೆ. ಚಿಕ್ಕಮ್ಮ 26 ಎಂದು ಬರೆಯುತ್ತಿದ್ದಾಗ ನಾಲ್ಕು ಕಪ್ ಬಂದವು. ಆಮೇಲೆ 25 ಮಾಡಿದಳು, ಎರಡು ಕಪ್. 24 ಮಾಡಿದಳು, ಒಂದು. 23ಕ್ಕೆ ಸೊನ್ನೆ. ಈಗ 22. ಒಂದನೇ ಕ್ಲಾಸಿನವರಿಗೂ ಗೊತ್ತಾಗುವ ಲೆಕ್ಕ, ಚಿಕ್ಕಮ್ಮನಿಗೆ ಗೊತ್ತಾಗಬಾರದೇ?

ಅದಕ್ಕೇ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಮೂರು ರಾಕೆಟ್‌ಗಳ ಚೀಟಿಯನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡು, ಹೊಸದಾಗಿ 26 ಎಂದು ಬರೆದು ಕಟ್ಟಿದ್ದಳು. ಚಿಕ್ಕಮ್ಮ ಬರೆಯುವ ಹಾಗೆಯೇ ಅಂಕಿಗಳನ್ನು ವಾಲಿಸಿ. ಬಿಗಿಯಾದ ತಂತಿಯಲ್ಲಿ ಗೆಲ್ಲುತ್ತಾಳೆ. ಗೆದ್ದ ಮೇಲೆ ಯಾರಾದರೂ ಆಟ ಬಿಡುತ್ತಾರಾ?

“ನಾನು ಯಾವತ್ತೂ ಯಾಕೆ ಅಂತ ಕೇಳೋನಲ್ಲ. ಚೀಟಿ ಹೇಳಿದಷ್ಟು ಕಟ್ಟೋದು,” ಎಂದ ಅಪ್ಪ, ಮೂರನೇ ರಾಕೆಟ್ಟಿನ ಗಂಟು ಹಾಕುತ್ತಾ. “ಆದ್ರೂ ಇದನ್ನ ನೋಡಿ ಜೀವ ಬಂತು ನೋಡು. ಅಂತೂ ಕೈ ವಾಸಿಯಾಯ್ತಲ್ಲ!”

“ಕೈಗೆ ಏನಾಗಿತ್ತು?”

ಅಪ್ಪ ನಾಲಿಗೆ ಕಚ್ಚಿಕೊಂಡ. “ಏನಿಲ್ಲ, ಏನಿಲ್ಲ. ಮೂರೂ ಮುಗೀತು ಅಂತ ಚಿಕ್ಕಮ್ಮನಿಗೆ ಹೇಳು, ಹೋಗು.”

ಲೆಕ್ಕದಮ್ಮ ಒಳಗೆ ಹೋದಳು. ಚಿಕ್ಕಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಚಿಕ್ಕಮ್ಮ ಕನ್ನಡಿ ಮುಂದೆ ಬಾಚಣಿಗೆ ಹಿಡಿದು ನಿಂತಿದ್ದಳು. ಬಲಗೈ ಭುಜದವರೆಗೆ ಬಂತು, ಅಲ್ಲೇ ನಿಂತಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎತ್ತಿದಳು. ಬಾಚಣಿಗೆ ಟಪ್ಪೆಂದು ಕೆಳಗೆ ಬಿತ್ತು. ಮೊಣಕೈಗೆ ಐಸ್ ಸುತ್ತಿದ ಟವೆಲ್ ಇತ್ತು, ನೀರು ತೊಟ್ಟಿಕ್ಕುತ್ತಿತ್ತು.

ಹೋದ ವರ್ಷದವರೆಗೂ ದಿನಾ ಸ್ಕೂಲಿಗೆ ಹೋಗುವ ಮೊದಲು ಲೆಕ್ಕದಮ್ಮನಿಗೆ ಜಡೆ ಹಾಕುತ್ತಿದ್ದವಳು ಚಿಕ್ಕಮ್ಮನೇ. ಇದ್ದಕ್ಕಿದ್ದ ಹಾಗೆ ಒಂದು ದಿನ, “ನಿಮ್ಮಮ್ಮನ ಹತ್ರ ಹಾಕಿಸ್ಕೋ ಹೋಗೇ,” ಅಂದುಬಿಟ್ಟಳು. ಚಾಂಪಿಯನ್ ಆದ ಮೇಲೆ ಜಂಬ ಬಂದಿದೆ ಎಂದುಕೊಂಡಿದ್ದಳು ಲೆಕ್ಕದಮ್ಮ. ಮೊನ್ನೆ ನೀರಿನ ಬಾಟ್ಲಿ ಕೊಟ್ಟು, “ಮುಚ್ಚಳ ತೆಗೆದುಕೊಡೇ,” ಎಂದಾಗ, “ಯಾಕೆ, ನಿನಗೆ ಕೈ ಇಲ್ವಾ?” ಎಂದೂ ಕೇಳಿದ್ದಳು.

ಅದು ನೆನಪಾಗಿ ಅವಳ ಮುಖ ಬಿಸಿಯಾಯಿತು.

“ಯಾರದು, ಲೆಕ್ಕದಮ್ಮನಾ? ಬಾ, ಆ ಬಾಚಣಿಗೆ ಎತ್ತಿಕೊಡು.”

“ಚಿಕ್ಕಮ್ಮ, ನಿನ್ನ ಕೈಗೆ ಏನಾಗಿದೆ?”

ಚಿಕ್ಕಮ್ಮ ಮಂಚದ ಅಂಚಿಗೆ ಕೂತಳು. “ಮೊಣಕೈ ಸವೆದುಹೋಗಿದೆಯಂತೆ. ಆರು ವರ್ಷದವಳಿದ್ದಾಗಿಂದ ಹೊಡೀತಾನೇ ಇದೀನಲ್ಲ. ಇನ್ನೂ ಆಡಿದ್ರೆ ಅನ್ನ ಕಲಸೋಕೂ ಕೈ ಬರಲ್ಲ ಅಂದ್ರು ಡಾಕ್ಟರ್. ಅದಕ್ಕೇ ತಂತಿ ಸಡಿಲ ಮಾಡಿಸ್ತಾ ಬಂದೆ. ಸಡಿಲ ಇದ್ರೆ ಏಟನ್ನ ತಂತಿ ತಡ್ಕೊಳ್ಳುತ್ತೆ. ಬಿಗಿ ಇದ್ರೆ ಸೀದಾ ಇಲ್ಲಿಗೇ ಬರುತ್ತೆ.” ಅವಳು ಟವೆಲ್ ಮುಟ್ಟಿಕೊಂಡಳು. “ನೋವಿನ ಮಾತ್ರೆ ನುಂಗಿದ್ರೆ ಮ್ಯಾಚ್ ಮುಗಿಯೋವರೆಗೆ ಕೈ ಏಳುತ್ತೆ, ಅಷ್ಟೇ. ಯಾರಿಗೂ ಹೇಳಬೇಡ. ಎದುರಿನವಳಿಗೆ ಗೊತ್ತಾದ್ರೆ ಈ ಕಡೆಗೇ ಹೊಡೀತಾಳೆ.”

“ಇಪ್ಪತ್ತಾರರಲ್ಲಿ ಆಡಿದ್ರೆ?”

“ಅಯ್ಯೋ! ಒಂದೇ ಸೆಟ್. ಆಮೇಲೆ ಕೈ ಗೋವಿಂದ!” ಚಿಕ್ಕಮ್ಮ ನಕ್ಕಳು.

ಲೆಕ್ಕದಮ್ಮನಿಗೆ ನಗು ಬರಲಿಲ್ಲ. ಹೇಳಿದರೆ ಚಿಕ್ಕಮ್ಮ ಇನ್ನು ಜನ್ಮದಲ್ಲಿ ಮಾತಾಡಿಸುವುದಿಲ್ಲ. ಹೇಳದಿದ್ದರೆ? ಗೋಡೆ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

ಅವಳು ಜೇಬಿಗೆ ಕೈ ಹಾಕಿ ಮೂರು ಚೀಟಿಗಳನ್ನು ತೆಗೆದು ಮಂಚದ ಮೇಲೆ ಇಟ್ಟಳು. “ನಾನೇ... ನಾನೇ ಬದಲಾಯಿಸ್ದೆ. ನೀನು ಗೆಲ್ಲಲಿ ಅಂತ.” ಮುಂದಿನ ಮಾತು ಅಳುವಿನಲ್ಲಿ ಮುಳುಗಿಹೋಯಿತು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಚೀಟಿ ತೆಗೆದುಕೊಂಡು ದಡದಡ ಮುಂದಿನ ಕೋಣೆಗೆ ನಡೆದಳು.

“ಭಾವ, ಇದು ಇಪ್ಪತ್ತೆರಡು ಆಗಬೇಕಿತ್ತು!”

ಶಿಳ್ಳೆ ನಿಂತಿತು. ಅಪ್ಪ ಚೀಟಿಗಳನ್ನು ನೋಡಿದ, ಚಿಕ್ಕಮ್ಮನ ಮೊಣಕೈ ನೋಡಿದ, ಲೆಕ್ಕದಮ್ಮನ ಮುಖ ನೋಡಿದ. ಅವನ ಖುಷಿಯೆಲ್ಲ ಇಳಿದುಹೋಯಿತು. ಹಾಗಾದರೆ ಕೈ ವಾಸಿಯಾಗಿಲ್ಲ. ಅವನು ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕದಮ್ಮನಿಗೆ ಅದು ಕೇಳಿಸಿತು.

“ಎರಡೂವರೆಗೆ ಹೊರಡಬೇಕು,” ಎಂದ ಅಪ್ಪ. “ಒಂದಕ್ಕೆ ಮುಕ್ಕಾಲು ಗಂಟೆ. ಎರಡೇ ಆಗೋದು.”

“ಎರಡರ ತಂತಿಯೂ ಹರಿದುಹೋದ್ರೆ?” ಎಂದಳು ಲೆಕ್ಕದಮ್ಮ.

“ಹರೀಬಾರದು. ಅಷ್ಟೇ.”

ಅಪ್ಪ ಕತ್ತರಿ ತೆಗೆದುಕೊಂಡ. ಈಗಷ್ಟೇ ಕಟ್ಟಿದ್ದ ಹೊಸ ತಂತಿ ಟಪ್ ಟಪ್ ಎಂದು ತುಂಡಾಯಿತು. “ಬಾ ಇಲ್ಲಿ. ನನ್ನ ಕಣ್ಣು ಗಂಟಿನ ಮೇಲಿರುತ್ತೆ. ನೀನು ಮೆಷಿನ್ನಿನ ಮುಳ್ಳು ನೋಡಿ ಪ್ರತಿ ತಂತಿಗೂ ಎಷ್ಟು ಅಂತ ಹೇಳು. ತಪ್ಪಬಾರದು.”

“ಇಪ್ಪತ್ತೆರಡು,” ಎಂದಳು ಲೆಕ್ಕದಮ್ಮ, ಮೂಗು ಒರೆಸಿಕೊಂಡು. “ಇಪ್ಪತ್ತೆರಡು. ಅಪ್ಪ, ಸ್ವಲ್ಪ ಜಾಸ್ತಿ. ಹಾಂ, ಇಪ್ಪತ್ತೆರಡು.”

ಒಂದು ರಾಕೆಟ್‌ಗೆ ಮೂವತ್ತೈದು ಸಲ. ಎರಡಕ್ಕೆ ಎಪ್ಪತ್ತು. ಒಂದು ಸಲವೂ ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

ಮುಗಿದಾಗ ಚಿಕ್ಕಮ್ಮ ಬಂದು ಅವಳ ಮುಂದೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಭುಜದ ಮೇಲಿಂದ ಬಾಚಣಿಗೆ ಚಾಚಿದಳು. “ಜಡೆ ಹಾಕು.”

“ನನಗೆ ಸರಿಯಾಗಿ ಬರಲ್ಲ.”

“ಸೊಟ್ಟ ಆದ್ರೆ ಆಗಲಿ. ನನಗೆ ಕೈ ಇಲ್ವಲ್ಲ.”

ಲೆಕ್ಕದಮ್ಮನಿಗೆ ಮತ್ತೆ ಅಳು ಬಂತು. ಆದರೂ ಜಡೆ ಹಾಕಿದಳು. ಅದು ನಿಜವಾಗಿಯೂ ಸೊಟ್ಟಗಿತ್ತು.

ಮ್ಯಾಚಿನಲ್ಲಿ ಚಿಕ್ಕಮ್ಮನ ಬೆಂಚಿನ ಹಿಂದಿನ ಸಾಲಿನಲ್ಲೇ ಅಪ್ಪ, ಮಗಳು ಕೂತಿದ್ದರು. ಮೊದಲ ಸೆಟ್ ಹೋಯಿತು. ಎರಡನೆಯದು ಬಂತು. ಮೂರನೆಯದರಲ್ಲಿ ಐದು ಐದು ಆದಾಗ ‘ಟಣ್’ ಎಂದು ಸದ್ದು. ತಂತಿ ಹರಿದಿತ್ತು! ಅಪ್ಪ ಲೆಕ್ಕದಮ್ಮನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಚಿಕ್ಕಮ್ಮ ಉಳಿದ ಒಂದೇ ರಾಕೆಟ್ ತೆಗೆದುಕೊಂಡಳು.

ಪ್ರತಿ ಏಟಿಗೂ ಲೆಕ್ಕದಮ್ಮ ಬಾಯೊಳಗೇ ಹೇಳಿಕೊಂಡಳು: ಇಪ್ಪತ್ತೆರಡು, ಇಪ್ಪತ್ತೆರಡು. ಅವಳು ಚೆಂಡು ನೋಡುತ್ತಲೇ ಇರಲಿಲ್ಲ, ಬರೀ ಆ ಮೊಣಕೈ ನೋಡುತ್ತಿದ್ದಳು.

ಏಳು-ಐದು. ಜನ ಎದ್ದು ನಿಂತು ಕೂಗಿದರು. ಚಿಕ್ಕಮ್ಮ ಗೆದ್ದಿದ್ದಳು!

ಕಪ್ ಕೊಟ್ಟಾಗ ಅವಳು ಎಡಗೈಯಲ್ಲಿ ಅಪ್ಪಿ ಹಿಡಿದುಕೊಂಡಳು. ಬಲಗೈ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಎಲ್ಲರೂ ಕಪ್ ನೋಡುತ್ತಿದ್ದರು.

“ಛೆ ಛೆ! ಇಷ್ಟು ಚೆನ್ನಾಗಿ ಆಡೋಳು ಯಾಕೆ ಬಿಡಬೇಕು?” ಹಿಂದಿನಿಂದ ಟೋಪಿ ಹಾಕಿದ ಮುದುಕರೊಬ್ಬರು ಎಂದರು. “ಇನ್ನೂ ಐದಾರು ವರ್ಷ ಆಡಿದ್ರೆ ಎಷ್ಟು ಕಪ್ ಗೆಲ್ತಿದ್ಲೋ!”

ಹನ್ನೊಂದು. ಲೆಕ್ಕದಮ್ಮನಿಗೆ ಆ ಲೆಕ್ಕ ಬಾಯಿಪಾಠವಾಗಿತ್ತು. ಆದರೆ ಅವಳು ಹಿಂದೆ ತಿರುಗಲಿಲ್ಲ.

ಚಿಕ್ಕಮ್ಮ ಸೊಟ್ಟ ಜಡೆ ಕುಣಿಸುತ್ತಾ ಇವರ ಕಡೆಗೇ ಬರುತ್ತಿದ್ದಳು. ಲೆಕ್ಕದಮ್ಮ ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು, ಅವಳು ಹತ್ತಿರ ಬರುವುದರೊಳಗೆ ಮುಚ್ಚಳ ತಿರುಗಿಸಿ ತೆಗೆದಿಟ್ಟಳು.