ಬೀಜದ ಕೋಣೆ

"ಆ ಗುಲ್‌ಮೊಹರ್ ಮರದ ಬೀಜಕ್ಕೆ ಮಾತ್ರ ಕತ್ತರಿ ಹಾಕ್ಬೇಡಪ್ಪಾ," ಎಂದಳು ಅತ್ತಿಗೆ, ಗಂಟುಮೂಟೆ ಹೊತ್ತು ನರ್ಸರಿ ಬಿಟ್ಟು ಗೇಟು ದಾಟುತ್ತಾ. "ನಿಮ್ಮಣ್ಣನ ಬೂದೀನ ಅದರ ಬುಡಕ್ಕೇ ಸುರಿದಿದ್ದೀನಿ. ಮಾಟ ಮಾಡಿದ್ದೀನಿ. ಬೀಜ ಬಿಚ್ಚಿದವನು ತಾನೇ ಮುಚ್ಚಿಹೋಗ್ತಾನೆ."

ಮೈದುನ ನಕ್ಕ. ಆ ನಗೆಗೆ ಮೂರು ಬೀದಿಯಾಚೆಯ ನಾಯಿಗಳು ಊಳಿಟ್ಟವೆಂದರೆ ಕಮ್ಮಿ ಹೇಳಿದಂತೆ. "ಅತ್ತಿಗೆ, ನಿಮ್ಮ ಮಾಟಕ್ಕೆ ಅಷ್ಟು ಕಸುವಿದ್ರೆ ಮೊದ್ಲು ಮಂಡಿನೋವು ವಾಸಿ ಮಾಡ್ಕೊಳ್ಳಿ!"

ಅಣ್ಣ ಸತ್ತದ್ದು ಹೇಗೆಂದು ಬಲ್ಲವರು ಇಬ್ಬರೇ. ಹುಳ ಸಾಯಲೆಂದು ವಿಷಾನಿಲ ಬಿಡುವ ಮಾತ್ರೆ ಇಟ್ಟಿದ್ದ ಬೀಜದ ಕೋಣೆಗೆ ಅವನು ಇಣುಕಿದಾಗ, ನರ್ಸರಿಯ ಆಸೆಗೆ ಬಿದ್ದ ತಮ್ಮ ಹಿಂದಿನಿಂದ ತಳ್ಳಿ ಚಿಲಕ ಹಾಕಿದ್ದ. ಒಳಗಿನಿಂದ ಬಾಗಿಲು ಬಡಿಯುವುದನ್ನು ಕೇಳುತ್ತ ನಿಂತಿದ್ದ. ಸಸಿಮಡಿಗಳ ಆಚೆಯಿಂದ ಕಂಡ ಅತ್ತಿಗೆ ಓಡಿ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಜನ ಅಪಘಾತವೆಂದರು. ಅವಳ ಮಾತನ್ನು ಯಾರೂ ನಂಬಲಿಲ್ಲ.

ಇನ್ನು ಆ ಗುಲ್‌ಮೊಹರ್! ಅರಳಿ ನಿಂತರೆ ಸೂರ್ಯನೇ ನಾಚಿ ಮೋಡದ ಮರೆಗೆ ಸರಿಯಬೇಕು. ಎಲೆಯುದುರಿದ ಮೇಲೆ ಮೊಳದುದ್ದದ ಕಪ್ಪು ಕಾಯಿಗಳು ಕತ್ತಿಗಳಂತೆ ಜೋತು ಗಾಳಿಗೆ ಕಟಕಟ ಎನ್ನುತ್ತಿದ್ದವು. ಥೇಟ್ ಬಾಗಿಲು ಬಡಿದ ಹಾಗೆ.

ಹೆದ್ದಾರಿ ಬದಿಗೆ ಗುಲ್‌ಮೊಹರ್ ಸಸಿ ಬೇಕೆಂದು ದೊಡ್ಡ ಆರ್ಡರು ಬಂತು. ಮೈದುನ ಕಾಯಿ ಒಡೆದು, ಬೀಜ ಗುಡ್ಡೆಹಾಕಿಕೊಂಡು ಅದೇ ಕೋಣೆಯಲ್ಲಿ ಕುಳಿತ. ಅದರ ಸಿಪ್ಪೆಯೋ, ಸಿಡಿಲು ಬಡಿದರೂ ಸೀಳದು. ಒಂದು ತುದಿಯನ್ನು ಚೂರು ಕತ್ತರಿಸಿದರೇ ನೀರು ಒಳಗಿಳಿಯುವುದು. ಆದರೆ ಮೊಳಕೆ ಅಡಗಿರುವ ತುದಿಯನ್ನು ಮುಟ್ಟಬಾರದು, ಬೀಜ ಸಾಯುತ್ತದೆ. ಮೈದುನನಿಗೆ ಅಷ್ಟು ವ್ಯವಧಾನವೆಲ್ಲಿ? ಸಿಕ್ಕ ತುದಿಗೆ ಕತ್ತರಿ.

ಕೊಳೆತ ಬೆಳ್ಳುಳ್ಳಿಯ ನಾತ ಮೂಗಿಗೆ ಅಡರಿತು. ಆ ದಿನದ ವಿಷದ ನಾತ. ಹೊರಗೆ ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಆದರೂ ಮರದ ಕಾಯಿಗಳೆಲ್ಲ ಒಟ್ಟಿಗೆ ಬಡಿಯತೊಡಗಿದವು. ಅವನ ಬೆರಳುಗಳು ಕಂದಾದವು. ನುಣುಪಾದವು. ಒಂದಕ್ಕೊಂದು ಬೆಸೆದವು. ಮಂಡಿಗಳು ಎದೆಗೆ ಮಡಚಿಕೊಂಡವು. ಮೈಸುತ್ತ ಏನೋ ಬೆಳೆಯಿತು. ಗಟ್ಟಿ. ಇನ್ನೂ ಗಟ್ಟಿ. ಕೂಗಿದ. ಕೂಗು ಅವನ ಕಿವಿಗೇ ಮರಳಿತು. ಕತ್ತಲು. ಬಡಿದ. ಕಟಕಟ. ಮತ್ತೆ ಬಡಿದ.

ಹೆಜ್ಜೆಯ ಸದ್ದು.

"ಅಯ್ಯೋ, ಎಷ್ಟು ಬೀಜ ಹಾಳು ಮಾಡಿದ್ದೀಯಪ್ಪಾ!" ಅತ್ತಿಗೆಯ ದನಿ. "ಎಲ್ಲಾ ಮೊಳಕೆ ಕಡೆಗೇ ಕತ್ತರಿಸಿದ್ದೀಯ. ಉಳಿದಿರೋದು ಇದೊಂದೇ."

ನೆಲದಿಂದ ಕತ್ತರಿ ಎತ್ತಿದ ಸದ್ದು. ಸಿಪ್ಪೆಯ ಮೇಲೆ ಅದರ ಮೊನೆ ಕೆರೆಯಿತು. ಅವನು ಒಳಗಿನಿಂದ ಬೇಡಿದ. ಕತ್ತರಿಸಿ ಅತ್ತಿಗೆ. ಎಲ್ಲಾದರೂ ಸರಿ, ಕತ್ತರಿಸಿ.

"ಬೇಡ," ಎಂದಳು. "ಆನೆಯಂಥ ಬೀಜ. ಜೋಪಾನವಾಗಿ ಇಟ್ಕೋಬೇಕು. ಹುಳ ಹಿಡಿದೀತು."

ಡಬ್ಬಿಯ ಮುಚ್ಚಳ ತೆರೆದುಕೊಂಡಿತು. ಮಾತ್ರೆಗಳು ನೆಲಕ್ಕೆ ಉರುಳಿದವು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಅವನು ಬಡಿದ.

"ಕೇಳಿಸ್ತಿದೆಯಪ್ಪಾ," ಎಂದಳು ಹೊರಗಿನಿಂದ. "ಇಲ್ಲೇ ನಿಂತಿದ್ದೀನಿ."