ಮಗ್ಗದ ಕೋಣೆಯ ಬಾಗಿಲು

"ಇದ್ಯಾವ್ದು? ಮಗ್ಗದ ಕೋಣೆ ಎಲ್ಲೋಯ್ತು?"

ಆಶಾ ಮೌಸ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಸಮುದ್ರವಿತ್ತು. ಮರದ ಸೇತುವೆ, ಅದರ ತುದಿಗೆ ಒಂದು ದೋಣಿ, ದೋಣಿಯಲ್ಲಿ ಕೂತ ಮುದುಕ. ಆ ಮುದುಕನನ್ನು ಅವಳು ಈವರೆಗೆ ನೋಡಿಯೇ ಇರಲಿಲ್ಲ.

ವಿಶ್ವನಾಥ್ ಫ್ಯಾನಿನ ಕಡೆ ನೋಡಿದ. ಮಾರುತೇಶ ತನ್ನ ಚಪ್ಪಲಿ ನೋಡಿಕೊಂಡ. ವಿಶ್ವನಾಥನ ತಂಗಿ, ಮೂರನೇ ಕ್ಲಾಸಿನ ತ್ರಿವೇಣಿ ಮಾತ್ರ ಶೇಂಗಾ ಸುಲಿಯುತ್ತ ಹೇಳಿದಳು:

"ಹೋದ ವಾರ ದಾಟಿದ್ವಲ್ಲ ಆಶಕ್ಕ. ಬಾಗ್ಲು ಹಿಂಗೆ ನಿಧಾನಕ್ಕೆ ತಕ್ಕಂತು." ಎರಡೂ ಕೈ ಅಗಲಿಸಿ ತೋರಿಸಿದಳು. ಸಿಪ್ಪೆ ಕೀಬೋರ್ಡಿನ ಮೇಲೆ ಬಿತ್ತು.

ಆಶಾಳ ಇನ್ನೊಂದು ಕೈಯಲ್ಲಿ ಮಡಚಿದ ಒಂದು ಹಾಳೆ ಇತ್ತು. ಅವಳು ಅದನ್ನು ಬಿಡಿಸಲಿಲ್ಲ.

ಚಳ್ಳಕೆರೆಯಲ್ಲಿ ವಿಶ್ವನ ಅಪ್ಪ ಓಂಕಾರಮೂರ್ತಿಯವರದು ಎಣ್ಣೆ ಮಿಲ್ಲು. ಭಾನುವಾರ ಮಿಲ್ಲಿಗೆ ರಜ. ಬೆಳಿಗ್ಗೆ ಒಂಬತ್ತಕ್ಕೆ ಗುಮಾಸ್ತ ಶಿವಮೂರ್ತಪ್ಪ ಆಫೀಸಿನ ಬಾಗಿಲು ತೆಗೆದು, ಕಂಪ್ಯೂಟರಿಗೆ ಹೊದಿಸಿದ ಹೂವಿನ ಬಟ್ಟೆ ಮಡಚಿಟ್ಟು, ಹೊರಗೆ ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. ಹನ್ನೆರಡಕ್ಕೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ನಡುವಿನ ಮೂರು ಗಂಟೆ ಮಕ್ಕಳದು.

ಆಟದ ಸಿ.ಡಿ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದಿತ್ತು. ಅದರಲ್ಲಿ ಗುಂಡು ಹೊಡೆಯುವುದಿಲ್ಲ, ಕಾರು ಓಡಿಸುವುದಿಲ್ಲ. ಒಬ್ಬ ಹುಡುಗಿ ಒಂದು ದ್ವೀಪಕ್ಕೆ ಬರುತ್ತಾಳೆ. ಎಲ್ಲಿ ಒತ್ತಿದರೆ ಅಲ್ಲಿಗೆ ನಡೆಯುತ್ತಾಳೆ. ಸಿಕ್ಕಿದ ಸಾಮಾನನ್ನು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಆಡುವವರು ಕಂಡುಹಿಡಿಯಬೇಕು. ಯಾರಾದರೂ ಎದುರಾದರೆ ಅವರ ಮಾತು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತದೆ. ಮತ್ತೆ ಒತ್ತಿದರೆ ಮುಂದಿನ ಮಾತು.

ಜೂನ್ ತಿಂಗಳಿಂದ ನಾಲ್ಕೂ ಜನ ಅದನ್ನೇ ಆಡುತ್ತಿದ್ದರು. ಮೌಸ್ ಹಿಡಿಯುವುದು, ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಆಶಾ. ಪರದೆಯ ಮೂಲೆಯಲ್ಲಿ ಅಡಗಿದ ಸಣ್ಣ ಕೀಲಿಕೈ ಕೂಡ ಮಾರುತೇಶನ ಕಣ್ಣಿಗೆ ಬೀಳುತ್ತಿತ್ತು. ವಿಶ್ವ ಏನನ್ನಾದರೂ ಏನಕ್ಕಾದರೂ ಹಚ್ಚಿ ನೋಡು ಎನ್ನುತ್ತಿದ್ದ. ಮೀನನ್ನು ಬೀಗಕ್ಕೆ, ಹಗ್ಗವನ್ನು ಬೆಕ್ಕಿಗೆ. ಹತ್ತರಲ್ಲಿ ಒಂದು ಸರಿಯಾಗುತ್ತಿತ್ತು. ತ್ರಿವೇಣಿ ಶೇಂಗಾ ತರುತ್ತಿದ್ದಳು. ನಾಲ್ಕೂ ಜನ ಇಲ್ಲದೆ ಆಟ ಮುಂದೆ ಹೋಗಬಾರದು ಎಂದು ಮೊದಲ ದಿನವೇ ರೂಲ್ ಮಾಡಿಕೊಂಡಿದ್ದರು.

ಮಗ್ಗದ ಕೋಣೆಯಲ್ಲಿ ಮೂರು ಭಾನುವಾರ ಸಿಕ್ಕಿಕೊಂಡಿದ್ದರು. ಅಲ್ಲಿ ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ. ಅದರಲ್ಲಿ ಬಣ್ಣಬಣ್ಣದ ಪಟ್ಟಿಗಳು. ಕೆಳಗೆ ಕಾಲಿನಿಂದ ಒತ್ತುವ ನಾಲ್ಕು ಹಲಗೆ, ಒಂದೊಂದಕ್ಕೂ ಒಂದೊಂದು ಬಣ್ಣ. ಪಟ್ಟಿಗಳ ಕ್ರಮದಲ್ಲೇ ಹಲಗೆ ಒತ್ತಿದರೂ ಎದುರಿನ ಬಾಗಿಲು ತೆಗೆಯುತ್ತಿರಲಿಲ್ಲ.

"ನಮ್ಮಜ್ಜಿ ಊರು ಮೊಳಕಾಲ್ಮೂರು. ಅಲ್ಲಿ ಮನೆಮನೆಯಾಗೂ ಮಗ್ಗ ಐತೆ. ನಾನು ಹೋಗಿ ಕೇಳ್ಕೊಂಡು ಬರ್ತೀನಿ," ಎಂದು ಹೇಳಿಯೇ ಆಶಾ ಹೋಗಿದ್ದಳು.

ಅಜ್ಜಿಯ ಪಕ್ಕದ ಮನೆಯ ಚಿನ್ನಕ್ಕ ಲಾಳಿ ನಿಲ್ಲಿಸದೆಯೇ, ಆಶಾ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದ ಪಟ್ಟಿಗಳ ಚಿತ್ರ ನೋಡಿದ್ದರು.

"ಮ್ಯಾಲಿಂದ ಯಾಕೆ ಎಣಿಸ್ತೀಯ? ಇದೇನು ಪುಸ್ತಕನಾ? ನಾನು ಕೂತಿರೋದು ಇಲ್ಲಿ. ಮೊದಲ್ನೇ ಎಳೆ ನನ್ನ ಹೊಟ್ಟೆ ಹತ್ರ ಬೀಳ್ತೈತೆ. ಆಮೇಲಿಂದು ಅದರ ಮುಂದೆ. ಬಟ್ಟೆ ಕೆಳಗಿಂದ ಬೆಳೀತೈತೆ, ಚೂಡಮ್ಮಾ, ನೋಡು."

ಅಷ್ಟೇ. ಅಷ್ಟು ಸುಲಭ. ವಾಪಸ್ ಬರುವಾಗ ಬಸ್ಸು ತಳಕು ಊರು ದಾಟುವವರೆಗೂ ಆಶಾ ಆ ಹಾಳೆಯನ್ನು ಬಿಡಿಸಿ ಬಿಡಿಸಿ ನೋಡಿದ್ದಳು. ಬಾಗಿಲು ತೆಗೆದಾಗ ವಿಶ್ವ ಹೇಗೆ ಕೂಗುತ್ತಾನೆ, ಮಾರುತೇಶ ಹೇಗೆ ಎದ್ದು ನಿಲ್ಲುತ್ತಾನೆ, ಎಲ್ಲ ಅವಳ ಕಣ್ಣ ಮುಂದೆ ಬಂದಿತ್ತು.

"ಹೆಂಗೆ ತಗದ್ರಿ?" ಅವಳು ಈಗ ಕೇಳಿದಳು.

"ಹಂಗೇ. ಟ್ರೈ ಮಾಡ್ತಾ ಮಾಡ್ತಾ ಬಂತು," ಎಂದ ವಿಶ್ವ.

"ಯಾವ ಆರ್ಡರ್‌ನಾಗೆ ಒತ್ತಿದ್ರಿ? ಹೇಳು."

"ಅದು... ಕೆಂಪು, ಆಮೇಲೆ... ಮರ್ತೋಯ್ತು."

"ಪೇಪರ್ ನೋಡ್ಕೊಂಡು ಒತ್ತಿದ್ವಿ," ಎಂದಳು ತ್ರಿವೇಣಿ. "ಮಾರುತೇಶಣ್ಣ ತಂದಿದ್ದು. ಡ್ರಾಯರ್‌ನಾಗೆ ಐತೆ."

ವಿಶ್ವ ಅವಳ ತಲೆಗೆ ಮೊಟಕಿದ. ಅಷ್ಟರಲ್ಲಿ ಆಶಾ ಡ್ರಾಯರ್ ಎಳೆದಾಗಿತ್ತು.

ಪಿನ್ನು ಹೊಡೆದ ಹದಿನೆಂಟು ಹಾಳೆ. ಆಟದ ಮೊದಲಿಂದ ಕೊನೆಯವರೆಗೆ ಎಲ್ಲಿ ಏನು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚಾಗಿತ್ತು. ಮಾರುತೇಶನ ಅಣ್ಣ ಚಿತ್ರದುರ್ಗದಲ್ಲಿ ಓದುತ್ತಿದ್ದ. ಅವನು ಅಲ್ಲಿಯ ಇಂಟರ್‌ನೆಟ್ ಸೆಂಟರಿನಿಂದ ಪ್ರಿಂಟ್ ತಂದುಕೊಟ್ಟಿದ್ದ.

"ಗೈಡ್ ಇಟ್ಕೊಂಡು ಆಡಿದ್ರಾ?" ಆಶಾ ವಿಶ್ವನ ಕಡೆ ತಿರುಗಿದಳು. "ಒಂದು ವಾರ ಕಾಯಕ್ಕಾಗ್ಲಿಲ್ವಾ?"

"ನೀನು ಊರಿಗೆ ಹೋದ್ರೆ ನಾವು ಇಲ್ಲಿ ಭಜನೆ ಮಾಡ್ತಾ ಕೂರ್ಬೇಕಿತ್ತಾ?" ಎಂದ ವಿಶ್ವ.

"ನಾನು ಊರಿಗೆ ಹೋಗಿದ್ದೇ ಅದಕ್ಕೆ."

"ವಿಶ್ವಂಗೆ ಬೈಬೇಡ," ಮಾರುತೇಶ ಮೊದಲ ಸಲ ಬಾಯಿ ಬಿಟ್ಟ. "ಒತ್ತು ಅಂದಿದ್ದು ನಾನೇ. ಮುಂದೆ ಏನಾಗ್ತೈತೆ ಅಂತ ನೋಡ್ಬೇಕಿತ್ತು."

"ಕಾಪಿ ಹೊಡಿಯೋನು," ಎಂದಳು ಆಶಾ. "ಕಾಪಿ ಹೊಡ್ದು ಪಾಸಾದೋನು."

ಮಾರುತೇಶನ ಕಿವಿ ಕೆಂಪಾಯಿತು.

ಅವಳ ಸಿಟ್ಟು ಅಷ್ಟಕ್ಕೆ ನಿಲ್ಲಲಿಲ್ಲ. ಎದೆಯಲ್ಲಿ ಹುಟ್ಟಿ ಬೆರಳಿಗೆ ಇಳಿಯಿತು. ಆಟದಲ್ಲಿ ಅವರು ಇಲ್ಲಿಯವರೆಗೆ ಆರು ಕಡೆ ಸೇವ್ ಮಾಡಿಟ್ಟಿದ್ದರು. ಆಶಾ ಆ ಪಟ್ಟಿ ತೆರೆದಳು. ಮೊದಲನೆಯದನ್ನು ಅಳಿಸಿದಳು. ಅಳಿಸಲೇ ಎಂದು ಆಟ ಕೇಳಿತು. ಹೌದು ಎಂದು ಒತ್ತಿದಳು. ಎರಡನೆಯದು. ಹೌದು. ಮೂರನೆಯದು. ಹೌದು. ಅವಳು ಏನು ಮಾಡುತ್ತಿದ್ದಾಳೆಂದು ವಿಶ್ವನಿಗೆ ಹೊಳೆಯುವ ಹೊತ್ತಿಗೆ ಆರೂ ಮುಗಿದಿದ್ದವು.

"ಏಯ್, ಏನು ಮಾಡ್ದೆ ನೀನು? ಮೂರು ತಿಂಗಳಿಂದು ಅದು."

"ಗೊತ್ತೈತೆ."

"ನಮ್ಮಪ್ಪನ ಕಂಪ್ಯೂಟರ್ ಇದು. ಎದ್ದೇಳು ಮೊದ್ಲು."

"ಎದ್ದೇಳಲ್ಲ."

"ನಿನ್ನ ಕೈಯಾಗೇ ಆ ಬಾಗ್ಲು ತಗೀಬೇಕು ಅಂತ ಎಲ್ಲಾರ್ದೂ ಅಳಿಸಿಬಿಟ್ಟೆ. ಎಂಥ ಹೊಟ್ಟೆಕಿಚ್ಚು ನಿಂದು."

ಅದು ನಿಜವಾಗಿತ್ತು. ಅದಕ್ಕೇ ಆಶಾಳಿಗೆ ಸಿಟ್ಟು ಇನ್ನೂ ಏರಿತು. ಅವಳು ಆ ಹದಿನೆಂಟು ಹಾಳೆ ಎತ್ತಿಕೊಂಡು ಎದ್ದಳು.

ಶಿವಮೂರ್ತಪ್ಪ ಬಾಗಿಲಲ್ಲಿ ಇಣುಕಿದರು. "ಏನ್ರಪ್ಪಾ ಅದು ಗಲಾಟೆ? ಮಿಷಿನ್ ಕೆಡಿಸಿದ್ರೆ ಸಾವ್ಕಾರ್ರು ನಿಮ್ಮನ್ನ ಕೇಳಲ್ಲ, ನನ್ನ ಕೇಳ್ತಾರೆ."

ಮಾರುತೇಶ ಆಶಾಳ ಕಡೆಗೆ ಕೈ ಚಾಚಿದ.

"ನನ್ನ ಪೇಪರ್ ಕೊಡು."

"ಕೊಡಲ್ಲ. ನೀರೊಲೆಗೆ ಹಾಕ್ತೀನಿ."

"ಕೊಡು ಆಶಾ."

"ಕೊಡಲ್ಲ ಅಂದ್ರೆ ಕೊಡಲ್ಲ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ನಿಂಗೇನು. ನಿಂಗೆ ಎಲ್ಲಾ ಒಂದೇ ಸಲಕ್ಕೆ ಅರ್ಥ ಆಗ್ತೈತೆ," ಎಂದು ಹೊರಗೆ ಹೋದ. ಸೈಕಲ್ಲಿನ ಸ್ಟ್ಯಾಂಡ್ ಒದ್ದ ಸದ್ದು ಒಳಗಿನವರೆಗೂ ಕೇಳಿಸಿತು.

ಆಶಾಳ ಮನೆಯಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು. "ಯಾಕೆ ಮುಖ ಹಂಗೆ ಮಾಡ್ಕೊಂಡಿದೀಯ?"

"ನೀರೊಲೆ ಹಚ್ಚೈತಾ?"

"ಎಲ್ಲಾರ್ದೂ ಸ್ನಾನ ಆಯ್ತಲ್ಲೇ. ಕೆಂಡ ಇರ್ಬೇಕು ಅಷ್ಟೇ."

ಕೆಂಡ ಸಾಕು. ಆಶಾ ಬಚ್ಚಲ ಮನೆಯಲ್ಲಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪಿನ್ನು ಕಿತ್ತಳು. ಮೊದಲ ಹಾಳೆಯನ್ನು ಒಲೆಯ ಬಾಯಿಗೆ ಹಿಡಿದಾಗ ಅದರ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ ಕಂಡವು. ಮಾರುತೇಶನ ಓರೆಯಾದ ಅಕ್ಷರ.

ಅಚ್ಚಿನ ಮೊದಲ ಸಾಲಿನ ಒಂದೊಂದು ಪದದ ಮೇಲೂ ಅವನು ಡಿಕ್ಷನರಿಯಲ್ಲಿ ಹುಡುಕಿದ ಅರ್ಥ ಬರೆದಿದ್ದ. ಕೆಲವನ್ನು ಹೊಡೆದುಹಾಕಿ ಬೇರೆ ಬರೆದಿದ್ದ. ಕೆಳಗೆ ಪೂರ್ತಿ ಸಾಲು ಇತ್ತು: "ಹುಡುಗಿ ಕಳೆದುಹೋದ ಅಪ್ಪನನ್ನು ಹುಡುಕಿಕೊಂಡು ದ್ವೀಪಕ್ಕೆ ಬಂದಿದ್ದಾಳೆ." ಅದರ ಪಕ್ಕದಲ್ಲಿ, "ಇದು ಯಾವಾಗ ಹೇಳಿದರು?"

ಆಶಾ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು.

ಯಾವಾಗ ಎಂದರೆ? ಮೊದಲ ಭಾನುವಾರ, ಮೊದಲ ಐದು ನಿಮಿಷದಲ್ಲಿ. ಅಷ್ಟೂ ಗೊತ್ತಿಲ್ಲದೆ ಮೂರು ತಿಂಗಳು ಆಡಿದನೇ?

ಎರಡನೇ ಹಾಳೆ ನೋಡಿದಳು. "ದೀಪ ಹಚ್ಚುವ ಅಜ್ಜಿಯ ಮಗ ನೀರಲ್ಲಿ ಸತ್ತಿದ್ದಾನೆ. ಅದಕ್ಕೇ ಅವಳು ಎಲ್ಲರಿಗೂ ಬಯ್ಯುವುದು." ಮೂರನೆಯದರಲ್ಲಿ, "ಬೆಕ್ಕು ಅಪ್ಪನದು!! ಇದು ಯಾವಾಗ ಹೇಳಿದರು?" ಹಾಗೆಯೇ ಹಾಳೆ ಹಾಳೆಗೂ. ಮಗ್ಗದ ಕೋಣೆಯ ಹಾಳೆ ಬಂತು. ಅಲ್ಲಿ ಹಲಗೆ ಒತ್ತುವ ಕ್ರಮ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದರ ಸುತ್ತ ಪೆನ್ಸಿಲಿನ ಒಂದು ಗೆರೆಯೂ ಇರಲಿಲ್ಲ.

ಮಾರುತೇಶ ಕನ್ನಡ ಶಾಲೆಯಲ್ಲಿ ಆರನೇ ಕ್ಲಾಸು. ಅಲ್ಲಿ ಎ ಬಿ ಸಿ ಡಿ ಶುರುವಾಗಿದ್ದೇ ಹೋದ ವರ್ಷ, ಐದನೇ ಕ್ಲಾಸಿನಲ್ಲಿ. ಆಶಾ ಮತ್ತು ವಿಶ್ವ ಓದುವುದು ಇಂಗ್ಲಿಷ್ ಮೀಡಿಯಂ.

"ಏನಂದ್ಲು? ಆ ಅಜ್ಜಿ ಏನಂದ್ಲು?" ಎಂದು ಅವನು ಕೇಳುತ್ತಿದ್ದ. ಕೇಳುತ್ತಿದ್ದುದು ಈಗ ನೆನಪಾಯಿತು. "ಆಮೇಲೆ ಹೇಳ್ತೀನಿ, ಮೊದ್ಲು ಕೀಲಿಕೈ ಎಲ್ಲೈತೆ ನೋಡು," ಎಂದು ತಾನು ಟಕಟಕ ಒತ್ತುತ್ತಿದ್ದುದೂ ನೆನಪಾಯಿತು. ಆಮೇಲೆ ಒಂದು ದಿನವೂ ಹೇಳಿರಲಿಲ್ಲ. ಕೆಲವು ದಿನಗಳಿಂದ ಅವನು ಕೇಳುವುದನ್ನೂ ಬಿಟ್ಟಿದ್ದ.

ಸಿಟ್ಟು ಹೋಗಲಿಲ್ಲ. ಗೊತ್ತಾಗಲಿಲ್ಲ ಅಂದರೆ ಬಾಯಿ ಬಿಟ್ಟು ಹೇಳಬೇಕಿತ್ತಲ್ಲ ಅವನು, ಎಂದುಕೊಂಡಳು. ವಿಶ್ವನ ಮೇಲೆ ಸಿಟ್ಟು ಬಂತು. ಕೆಂಡದ ಮೇಲೂ ಬಂತು. ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಪಿನ್ನು ಚುಚ್ಚುವಾಗ ಬೆರಳಿಗೆ ಗಾಯವಾಯಿತು.

ಸೋಮವಾರ ಸಂಜೆ ಅವಳು ಮಾರುತೇಶನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ಹೋಂವರ್ಕ್ ಬರೆಯುತ್ತಿದ್ದ.

"ತಗೋ."

"ಸುಟ್ಟಿಲ್ವಾ?"

"ಇಲ್ಲ."

ಅವನು ಹಾಳೆ ತಿರುವಿ ನೋಡಿದ. "ಓದಿದ್ಯಾ?"

"ಹ್ಞೂ."

"ಅದನ್ನ್ಯಾಕೆ ಓದ್ದೆ ನೀನು?" ಅವನು ಎದ್ದು ನಿಂತ. ನಿನ್ನೆ ಆರೂ ಸೇವ್ ಅಳಿಸಿದಾಗಲೂ ಅವನ ದನಿ ಇಷ್ಟು ಏರಿರಲಿಲ್ಲ. "ನಾನು ನಿನ್ನ ನೋಟ್‌ಬುಕ್ ತಗೊಂಡು ಓದಿದೀನಾ? ಹೋಗು ನೀನು. ಹೋಗಿ ಎಲ್ಲಾರಿಗೂ ಹೇಳು, ಮಾರುತೇಶಂಗೆ ಇಂಗ್ಲಿಷ್ ಬರಲ್ಲ ಅಂತ. ನಗ್ರಿ."

"ನಾನ್ಯಾಕೆ ಹೇಳ್ಲಿ?"

ಅವನು ಪುಸ್ತಕ ಬಾಚಿಕೊಂಡು ಒಳಗೆ ಹೋದ.

ಆ ಭಾನುವಾರ ಅವನು ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂದ. ಎಲ್ಲರಿಗಿಂತ ತಡವಾಗಿ ಬಂದು, ಎಂದಿನಂತೆ ಅವಳ ಪಕ್ಕದ ಸ್ಟೂಲಿಗೆ ಬಾರದೆ, ಗೋಡೆಯ ಹತ್ತಿರದ ಕಬ್ಬಿಣದ ಕುರ್ಚಿಯಲ್ಲಿ ಕೂತ. ತ್ರಿವೇಣಿ ಶೇಂಗಾ ಕೊಟ್ಟರೆ ಬೇಡ ಎಂದ.

"ಬೇಗ ಬೇಗ ಒತ್ತು," ಎಂದ ವಿಶ್ವ. "ಎಲ್ಲಾ ನಿನ್ನ ನೋಟ್‌ಬುಕ್ಕಿನಾಗೇ ಐತೆ. ಯಾರ ಹತ್ರನೂ ಮಾತಾಡ್ತಾ ನಿಲ್ಬೇಡ. ಹನ್ನೊಂದೂವರೆಗೆಲ್ಲಾ ಮಗ್ಗದ ಕೋಣೆ ಬರ್ತೈತೆ. ನೀನೇ ತಗೀವಂತೆ ನಿನ್ನ ಬಾಗ್ಲು."

ಅವನು ಚುಚ್ಚಿ ಹೇಳಿದರೂ ಲೆಕ್ಕ ಸರಿಯಾಗಿತ್ತು. ಆ ಲೆಕ್ಕವನ್ನು ಆಶಾ ರಾತ್ರಿಯೇ ಮಾಡಿದ್ದಳು. ಇವತ್ತು ಬಿಟ್ಟರೆ ಪರೀಕ್ಷೆ. ಒಂದು ತಿಂಗಳು ಕಂಪ್ಯೂಟರ್ ಮುಟ್ಟುವ ಹಾಗಿಲ್ಲ ಎಂದು ವಿಶ್ವನ ಅಪ್ಪ ಹೇಳಿಬಿಟ್ಟಿದ್ದರು. ಚಿನ್ನಕ್ಕ ಹೇಳಿದ್ದು ಸರಿಯೋ ತಪ್ಪೋ ಅವಳಿಗೆ ಇವತ್ತೇ ನೋಡಬೇಕಿತ್ತು. ಗೈಡಿನಲ್ಲಿ ಆ ಕ್ರಮವನ್ನು ಅವಳು ಬೇಕೆಂದೇ ಸರಿಯಾಗಿ ನೋಡಿರಲಿಲ್ಲ.

ಆಟ ಮೊದಲಿಂದ ಶುರುವಾಯಿತು. ದಡಕ್ಕೆ ದೋಣಿ ಬಂದು ನಿಂತಿತು. ಹುಡುಗಿ ಇಳಿದಳು. ದಡದಲ್ಲಿದ್ದ ಹೆಂಗಸು ಅವಳನ್ನು ಏನೋ ಕೇಳಿದಳು. ಪರದೆಯ ಕೆಳಗೆ ಎರಡು ಸಾಲು ಬಂತು. ಆ ಸಾಲು ಆಶಾಳಿಗೆ ಆಗಲೇ ಗೊತ್ತಿತ್ತು, ಓದುವುದೇ ಬೇಕಿರಲಿಲ್ಲ.

ಅವಳು ಮೆಲ್ಲಗೆ ಕಣ್ಣು ಹೊರಳಿಸಿದಳು. ಮಾರುತೇಶ ಗೋಡೆಯ ಕಡೆ ಮುಖ ಮಾಡಿದ್ದ, ಕಣ್ಣು ಮಾತ್ರ ಪರದೆಯ ಮೇಲಿತ್ತು. ಅವನ ತುಟಿ ಒಂದೊಂದೇ ಅಕ್ಷರಕ್ಕೆ ಅಲುಗುತ್ತಿತ್ತು.

"ಒತ್ತೇ," ಎಂದ ವಿಶ್ವ.

"ತಡಿ. ನಾನಿನ್ನೂ ಓದ್ತಾ ಇದೀನಿ," ಎಂದಳು ಆಶಾ.

"ಎರಡು ಸಾಲು ಐತೆ. ಅದನ್ನ ಓದಕ್ಕೆ ಎಷ್ಟೊತ್ತು ಬೇಕು ನಿಂಗೆ?"

"ನಂಗೆ ಅಷ್ಟೊತ್ತು ಬೇಕು. ನಿಂಗೇನು."

"ಹಿಂಗಾದ್ರೆ ಮಗ್ಗದ ಕೋಣೆ ಇವತ್ತಿಗೆ ಬರಲ್ಲ, ನೋಡು."

"ಬರ್ದಿದ್ರೆ ಬಿಡು."

ಗೋಡೆ ಗಡಿಯಾರದ ಕಡೆ ನೋಡಬಾರದು ಎಂದುಕೊಂಡರೂ ನೋಡಿದಳು.

ಮಾರುತೇಶನ ತುಟಿ ನಿಂತಿತು. ಅವನು ಅವಳ ಕಡೆ ನೋಡಲಿಲ್ಲ, ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಕಬ್ಬಿಣದ ಕುರ್ಚಿಯನ್ನು ಮಾತ್ರ ಕರ್ರನೆ ಒಂದು ಗೇಣು ಮುಂದಕ್ಕೆ ಎಳೆದುಕೊಂಡ.

ಆಶಾ ಒತ್ತಿದಳು. ಹುಡುಗಿಯ ಉತ್ತರ ಬಂತು. ಅದು ಇನ್ನೂ ಉದ್ದವಾಗಿತ್ತು.