ಪಾರಿವಾಳದ ಕತ್ತಿನ ಬಣ್ಣ

"ಈ ಶಾಲಿಗೆ ಬಣ್ಣ ಹಾಕಿದ್ದು ಯಾರು?"

ಕೇಳಿದವಳೂ ಬಣ್ಣ ಹಾಕುವವಳೇ, ಎದುರು ಸಾಲಿನ ಮಳಿಗೆಯವಳು. ಶಾಲು ಮಾರುತ್ತಿದ್ದ ಹೆಂಗಸು ನಗುನಗುತ್ತಲೇ ಉತ್ತರಿಸಿದಳು. "ನಾನೇ ಕಣಮ್ಮ. ಮುಟ್ಟಿ ನೋಡಿ, ಮುಟ್ಟೋಕೆ ದುಡ್ಡಿಲ್ಲ."

ಮುಟ್ಟುವ ಅಗತ್ಯವೇ ಇರಲಿಲ್ಲ. ಬೂದಿಯೂ ಅಲ್ಲದ, ನೇರಳೆಯೂ ಅಲ್ಲದ, ಬೆಳಕಿಗೆ ಹಿಡಿದರೆ ಒಳಗಿನಿಂದ ಕೆಂಪು ಇಣುಕುವ ಬಣ್ಣ ಅದು... ಪಾರಿವಾಳದ ಕತ್ತಿನ ಬಣ್ಣ. ಆ ಹೆಸರಿಟ್ಟವಳೇ ಈ ಕೇಳಿದವಳು. ಕರಕುಶಲ ಪ್ರದರ್ಶನದ ಅಷ್ಟು ದೊಡ್ಡ ಹಾಲಿನಲ್ಲಿ ಅದು ಅವಳ ಮಳಿಗೆಯಲ್ಲಿ ಮಾತ್ರ ಇರಬೇಕಿತ್ತು.

"ಯಾರು ಹೇಳಿಕೊಟ್ಟರು?"

"ಹೇಳಿಕೊಡೋಕೆ ಏನಿದೆ? ದಾಳಿಂಬೆ ಸಿಪ್ಪೆ ನೀರಲ್ಲಿ ಬಟ್ಟೆ ನೆನೆಸಿದೆ, ಮಂಜಿಷ್ಠದ ಬೇರು ಕುದಿಸಿ ಅದರೊಳಗೆ ಬಿಟ್ಟೆ. ಕೆಂಪು ಬರುತ್ತೆ ಅಂತ ಕಾದರೆ ಇದು ಬಂತು. ನಿಮ್ಮ ಮಳಿಗೆಯ ಕುಂಬಾರರ ಹತ್ತಿರ ಹೋದ ತಿಂಗಳು ತಗೊಂಡ ಮಡಕೆ ಕಣಮ್ಮ, ಅವರ ಕೈಗುಣ ಚೆನ್ನಾಗಿದೆ."

ಇಷ್ಟು ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಎರಡೇ. ದಾಳಿಂಬೆ ಸಿಪ್ಪೆ. ಕುಂಬಾರ.

ದಾಳಿಂಬೆ ಸಿಪ್ಪೆಯ ಒಗರು ನೀರಿನ ವಿಷಯವನ್ನು ಅವಳು ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದಳು. ಆ ಒಬ್ಬ ಈಗ ಮೂಲೆಯಲ್ಲಿ, ಇಬ್ಬರದೂ ಆದ ಮಳಿಗೆಯಲ್ಲಿ, ಹೂಜಿಗಳ ಧೂಳು ಒರೆಸುತ್ತ ನಿಂತಿದ್ದ. ಅರ್ಧ ಮಳಿಗೆ ಅವನ ಮಡಕೆ, ಅರ್ಧ ಅವಳ ಬಟ್ಟೆ. ಮದುವೆಯ ಮಾತನ್ನು ಅವನು ಹಿಂದಿನ ವಾರವೇ ಎತ್ತಿದ್ದ. "ಪ್ರದರ್ಶನ ಮುಗೀಲಿ, ಹೇಳ್ತೀನಿ," ಎಂದಿದ್ದಳು. ಉತ್ತರ ಆಗಲೇ ಸಿದ್ಧವಿತ್ತು. ಇವತ್ತು ಕೊನೆಯ ದಿನ, ಸಂಜೆ ಹೂಂ ಅಂದಾಗ ಅವನ ಮುಖ ಹೇಗಾಗುತ್ತದೆ ಎಂದು ಬೆಳಗಿನಿಂದ ಒಳಗೊಳಗೇ ನಗುತ್ತಿದ್ದಳು.

ಈಗ ನೇರ ಅವನ ಕಡೆಗೇ ನಡೆದಳು.

ಅವರ ಮೊದಲ ಭೇಟಿಯೂ ಜಗಳವೇ. ಸೋರುವ ಮಡಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಅಂಗಳಕ್ಕೆ ನುಗ್ಗಿದ್ದಳು, ಮೊಣಕೈವರೆಗೂ ಕೆಂಪು ಬಣ್ಣ. ಅವನು ಗಾಬರಿಯಿಂದ ನೀರಿನ ಚೊಂಬು ಹಿಡಿದು ಓಡಿಬಂದಿದ್ದ.

"ಕೈಗೆ ಏನಾಯ್ತು?"

"ಕೈಗೆ ಏನೂ ಆಗಿಲ್ಲ. ನಿನ್ನ ಮಡಕೆಗೆ ಆಗಿದೆ."

ಮುಂದಿನ ವಾರ ಹನಿ ಸೋರದ ಮಡಕೆ ಕೊಟ್ಟ. ಅದರಲ್ಲಿ ಬಟ್ಟೆ ಅದ್ದಿದಾಗ, ಅಮ್ಮ ಕಲಿಸಿದ್ದ ಕೆಂಪಿನ ಬದಲು ಈ ಬಣ್ಣ ಎದ್ದುಬಂದಿತ್ತು. ಅಮ್ಮ ತೀರಿಕೊಂಡ ವರ್ಷ ಅದು. ಒದ್ದೆ ಬಟ್ಟೆಯನ್ನು ಎದೆಗವಚಿಕೊಂಡು ಅವನೆದುರೇ ಅತ್ತಿದ್ದಳು. "ಇಂಥ ಬಣ್ಣ ನನ್ನೊಬ್ಬಳ ಕೈಲಿ ಬರೋದಲ್ಲ. ಅಮ್ಮ ಹೋಗೋವಾಗ ಅವಳ ಕೈಯನ್ನ ನನಗೆ ಬಿಟ್ಟುಹೋಗಿದ್ದಾಳೆ ಕಣೋ." ಅವನು ಒಮ್ಮೆ ಬಟ್ಟೆಯನ್ನು, ಒಮ್ಮೆ ಮಡಕೆಯನ್ನು ನೋಡಿದ್ದ.

ಅಂದಿನಿಂದ ಒಂದು ನಿಯಮ. ಬಣ್ಣ ಕುಡಿದು ಕುಡಿದು ಮಡಕೆ ಬೆವರತೊಡಗಿದರೆ ಅವನ ಅಂಗಳಕ್ಕೆ ವಾಪಸು ತರುವಳು. "ನನ್ನ ಕಣ್ಣೆದುರೇ ಒಡಿ. ನನ್ನ ಬಣ್ಣ ಕುಡಿದದ್ದು ಇನ್ನೊಬ್ಬರ ಮನೆ ಸೇರಬಾರದು." ಅವನು ಒಡೆಯುತ್ತಿದ್ದ.

ಇಷ್ಟೆಲ್ಲ ಕಾಪಾಡಿದ್ದು ಇದಕ್ಕಾ?

ಮಳಿಗೆಗೆ ಬಂದವಳೇ ಕೇಳಿದಳು. "ಎದುರು ಸಾಲಿನವಳಿಗೆ ಏನು ಕೊಟ್ಟೆ?"

"ಮಡಕೆ ಕೊಟ್ಟೆ. ಯಾಕೆ, ಮಡಕೆ ಮಾರೋದು ನನ್ನ ಕಸುಬಲ್ವಾ?"

"ಮಡಕೆ ಜೊತೆ ನನ್ನ ಬಣ್ಣಾನೂ ಕಟ್ಟಿಕೊಟ್ಟೆಯಾ?"

ಅವನು ಕತ್ತು ಹೊರಳಿಸಿ ಎದುರು ಸಾಲಿನ ಶಾಲನ್ನು ನೋಡಿದ. ಮುಖ ಸುಣ್ಣದಂತೆ ಬಿಳುಚಿತು. ಏನೂ ಅರಿಯದವನ ಮುಖ ಹಾಗೆ ಬಿಳುಚುವುದಿಲ್ಲ ಎಂದು ಅವಳ ಮನಸ್ಸು ಪಿಸುಗುಟ್ಟಿತು. ಇವನಿಗೆ ಗೊತ್ತಿದೆ...

"ನಾನು ಹೇಳಿಲ್ಲ ಅನ್ನು. ನಂಬ್ತೀನಿ."

"ನಾನು ಹೇಳಿಲ್ಲ."

"ಹಾಗಾದರೆ ಅದು ಅಲ್ಲಿಗೆ ಹೇಗೆ ಹೋಯ್ತು?"

ಅವನು ಧೂಳು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. "ಅದನ್ನ... ಇಲ್ಲಿ, ಇಷ್ಟು ಜನರ ಮುಂದೆ ಹೇಳೋಕಾಗಲ್ಲ."

"ಹೇಳಬೇಡ ಬಿಡು. ನೀನು ಕೇಳಿದ್ದಕ್ಕೆ ಉತ್ತರ ಬೇಕಿತ್ತಲ್ಲ? ಇದೇ ಅಂದ್ಕೋ."

ಬಟ್ಟೆಗಳನ್ನೆಲ್ಲ ಗಂಟು ಕಟ್ಟಿದಳು. ಅವನು ತಡೆಯಲಿಲ್ಲ. ತಡೆಯದೇ ಇದ್ದದ್ದು ಇನ್ನೂ ಸುಟ್ಟಿತು.

ಮನೆಗೆ ಬಂದವಳು ಹಿತ್ತಲಿನ ಬಣ್ಣದ ಮಡಕೆಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಸದ್ದಿಗೆ ಚಿಕ್ಕಮ್ಮ ಓಡಿಬಂದರು. ಅಮ್ಮನ ತಂಗಿ, ಈಗ ಅವಳಿಗಿರುವ ಮನೆಯವರೆಂದರೆ ಇವರೊಬ್ಬರೇ.

"ಏನೇ ಇದು? ಮಣ್ಣಿನ ಮಹಾರಾಜನ ಮೇಲಿನ ಸಿಟ್ಟು ಮಡಕೆ ಮೇಲಾ?"

"ನನ್ನ ಗುಟ್ಟು ಮಾರಿದ್ದಾನೆ ಚಿಕ್ಕಮ್ಮ. ದಾಳಿಂಬೆ ಸಿಪ್ಪೆ ವಿಷಯ ಅವನಿಗೊಬ್ಬನಿಗೇ ಹೇಳಿದ್ದೆ."

ಚಿಕ್ಕಮ್ಮ ಕಣ್ಣರಳಿಸಿದರು. "ಅದು ಗುಟ್ಟಾ? ನಮ್ಮಜ್ಜಿ ಕಾಲದಿಂದ ಬಣ್ಣ ಹಾಕೋರೆಲ್ಲ ಮಾಡೋದು ಅದನ್ನೇ. ಊರಿಗೆಲ್ಲ ಗೊತ್ತಿರೋದನ್ನ ಮುಚ್ಚಿಟ್ಟುಕೊಂಡವಳು ನೀನೊಬ್ಬಳೇ."

ಅವಳಿಗೆ ಆ ಮಾತು ಹಿಡಿಸಲಿಲ್ಲ. ಮಾರನೆಯ ದಿನ ಸ್ಟೀಲ್ ಹಂಡೆ ಇಟ್ಟು ಒಲೆ ಹೊತ್ತಿಸಿದಳು. ಅವನ ಮಣ್ಣಿನ ಹಂಗು ಇನ್ನು ಬೇಡ. ಅದೇ ಬೇರು, ಅದೇ ಸಿಪ್ಪೆ, ಅದೇ ನೀರು.

ಬಟ್ಟೆ ಕೆಂಪಗೆ ಬಂತು. ಸುಟ್ಟ ಇಟ್ಟಿಗೆಯಂಥ ಬೆಚ್ಚನೆಯ ಕೆಂಪು. ಇನ್ನೊಮ್ಮೆ ಅದ್ದಿದಳು. ಮತ್ತೂ ಕೆಂಪು.

ಬಣ್ಣವೂ ಕೈಕೊಟ್ಟಿತಾ? ಅಮ್ಮನ ಕೈಯೂ ತನ್ನನ್ನು ಬಿಟ್ಟುಹೋಯಿತಾ? ಹಿತ್ತಲಲ್ಲೇ ನೆಲಕ್ಕೆ ಕೈಯೂರಿ ಕೂತಳು. ಅಂಗೈಗೆ ಚುರುಕ್ಕೆಂದು ಏನೋ ಚುಚ್ಚಿತು. ಒಡೆದ ಮಡಕೆಯ ಚೂರು.

ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೇರು ಬದಲಾಗಿಲ್ಲ. ಸಿಪ್ಪೆ, ನೀರು, ಕೈ, ಯಾವುದೂ ಬದಲಾಗಿಲ್ಲ. ಬದಲಾದದ್ದು ಒಂದೇ...

ಎದ್ದು, ಚೂರನ್ನು ಕೆಂಪು ಬಟ್ಟೆಯ ಒಂದು ತುದಿಗೆ ಕಟ್ಟಿ, ಆ ತುದಿ ಮಾತ್ರ ಮುಳುಗುವಂತೆ ಹಂಡೆಗೆ ಇಳಿಬಿಟ್ಟಳು. ಸಂಜೆ ತೆಗೆದಾಗ ಒಂದು ತುದಿ ಕೆಂಪಾಗಿಯೇ ಇತ್ತು. ಚೂರು ಕಟ್ಟಿದ್ದ ತುದಿಯಲ್ಲಿ ಪಾರಿವಾಳ ಕತ್ತು ಎತ್ತಿತ್ತು.

ಅವನ ಅಂಗಳಕ್ಕೆ ಹೋದಾಗ ಅವನು ತಿಗರಿಯ ಮುಂದೆ ಕೂತಿದ್ದ. ಚಕ್ರ ತಿರುಗುತ್ತಿತ್ತು, ಕೈಯಲ್ಲಿದ್ದ ಮಣ್ಣು ಮಾತ್ರ ಯಾವ ಆಕಾರಕ್ಕೂ ಬಂದಿರಲಿಲ್ಲ. ಅವಳು ಬಟ್ಟೆಯನ್ನೂ ಚೂರನ್ನೂ ಅವನೆದುರು ಇಟ್ಟಳು.

"ನಿನಗೆ ಗೊತ್ತಿತ್ತು."

ತಿಗರಿ ನಿಧಾನವಾಗಿ ನಿಂತಿತು. "ಗೊತ್ತಿತ್ತು."

ಇದು ಮೊದಲಿನದಕ್ಕಿಂತ ಆಳಕ್ಕೆ ಇಳಿಯಿತು. ಮಾಡದ ತಪ್ಪಿಗೆ ಇವನನ್ನು ಬೈದಿದ್ದಳು. ಮಾಡಿದ ತಪ್ಪು ಈಗ ಎದುರಿಗಿತ್ತು.

"ಯಾವಾಗಿಂದ?"

"ಮೊದಲ ದಿನದಿಂದ ಅನುಮಾನ. ಆ ಮಡಕೆ ಸೋರಬಾರದು ಅಂತ ಪಕ್ಕದ ಕಮ್ಮಾರನ ಹತ್ತಿರ ಕಬ್ಬಿಣದ ಪುಡಿ ತಂದು ಮಣ್ಣಿಗೆ ಕಲೆಸಿದ್ದೆ. ನಿನ್ನ ಸಿಪ್ಪೆಯ ಒಗರು ನೀರು ಅದನ್ನ ಎಳೆದುಕೊಂಡಿದೆ. ಆಮೇಲೆ ನನ್ನ ಟವೆಲ್ ಅದ್ದಿ ನೋಡಿದೆ. ಖಾತ್ರಿಯಾಯ್ತು. ನಿನ್ನ ಮುಂದಿನ ಮಡಕೆಗಳಿಗೂ ಅದನ್ನೇ ಕಲೆಸುತ್ತ ಬಂದೆ."

"ನನಗೆ ಹೇಳಲಿಲ್ಲ. ಇಷ್ಟು ವರ್ಷ ನಾನು ಅಮ್ಮನ ಕೈ, ಅಮ್ಮನ ಕೈ ಅಂತ ಬಂದವರಿಗೆಲ್ಲ ಹೇಳ್ತಿದ್ದೆ. ನೀನು ಪಕ್ಕದಲ್ಲಿ ನಿಂತು ಕೇಳ್ತಿದ್ದೆ. ಒಳಗೊಳಗೇ ನಗ್ತಿದ್ದೆಯಾ?"

"ಒಂದು ದಿನವೂ ಇಲ್ಲ." ಅವನು ಕೈಯಲ್ಲಿದ್ದ ಮಣ್ಣನ್ನು ತಿಗರಿಯ ಮೇಲೆ ಬಿಟ್ಟ. "ಅವತ್ತು ಒದ್ದೆ ಬಟ್ಟೆ ತಬ್ಬಿಕೊಂಡು ಅಳ್ತಿದ್ದೆ. ಅದು ನಿಮ್ಮಮ್ಮ ಅಲ್ಲ, ಕಬ್ಬಿಣದ ಪುಡಿ ಅಂತ ಹೇಗೆ ಹೇಳಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಆಮೇಲೆ ಅಂತ ಅದೇ ಸುಳ್ಳಾಗಿಬಿಟ್ಟಿತು."

"ಅವಳ ಮಡಕೆಗೆ ಆ ಪುಡಿ ಹೇಗೆ ಹೋಯ್ತು?"

"ನಾನು ಕಲೆಸಿಲ್ಲ. ನೀನು ಒಡಿ ಅಂದೆ, ಒಡೆದೆ. ಒಡೆದ ಚೂರನ್ನ ಬಿಸಾಕೋ ಕುಂಬಾರ ಎಲ್ಲಿದ್ದಾನೆ ಹೇಳು? ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಸೇರಿಸ್ತೀವಿ, ಸುಡೋವಾಗ ಮಡಕೆ ಬಿರುಕು ಬಿಡಬಾರದು ಅಂತ. ನಿನ್ನ ಹಳೆ ಮಡಕೆಗಳೆಲ್ಲ ಆ ರಾಶಿಗೇ ಹೋಗಿವೆ. ಅದರ ಜೊತೆ ಕಬ್ಬಿಣವೂ ಹೋಗುತ್ತೆ ಅಂತ ಹೊಳೆಯಲೇ ಇಲ್ಲ, ಆ ಶಾಲು ನೋಡೋವರೆಗೂ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಗುಟ್ಟು ಹೊರಗೆ ಹೋಗಬಾರದೆಂದು ತಾನೇ ಒಡೆಸಿದ್ದಳು. ಒಡೆಸಿದ್ದಕ್ಕೇ ಅದು ಊರೆಲ್ಲ ಹಂಚಿಹೋಗಿತ್ತು.

"ಅವಳ ಹತ್ತಿರ ಮಡಕೆ ವಾಪಸ್ ಕೇಳಲಾ?"

"ಬೇಡ. ಅವಳು ಇದ್ದದ್ದನ್ನ ಇದ್ದ ಹಾಗೆ ಹೇಳಿದಳು. ನಿನ್ನ ಹಾಗಲ್ಲ."

ಅವನು ತಲೆ ತಗ್ಗಿಸಿದ. ಅವಳ ಸಿಟ್ಟು ಇಳಿದಿರಲಿಲ್ಲ. ಒಂದು ಸಂಜೆಗೆ ಇಳಿಯುವಂಥದ್ದೂ ಅಲ್ಲ. ಆದರೆ ಬಟ್ಟೆಯ ಕೆಂಪು ತುದಿಯ ಮೇಲೆ ಬೆರಳಾಡಿಸುವಾಗ ಅವಳ ಕೈ ತಾನಾಗಿ ನಿಂತಿತು. ಈ ಕೆಂಪು... ಅಮ್ಮ ಹಿತ್ತಲ ತಂತಿಯ ಮೇಲೆ ಒಣಹಾಕುತ್ತಿದ್ದ ಕೆಂಪೇ ಇದು. ಇಷ್ಟು ವರ್ಷ ಅಮ್ಮನನ್ನು ತಪ್ಪು ಬಣ್ಣದಲ್ಲಿ ಹುಡುಕಿದ್ದಳು. ಅಮ್ಮ ಎಲ್ಲಿಗೂ ಹೋಗಿರಲಿಲ್ಲ.

"ಇನ್ನು ಮೇಲೆ ನನಗೆ ಅಳು ಬಂದರೂ ಪರವಾಗಿಲ್ಲ. ನಿಜ ಹೇಳಬೇಕು," ಎಂದಳು.

"ಹೇಳ್ತೀನಿ."

"ಮಳಿಗೆ ಬೋರ್ಡಿನಲ್ಲಿ ಬಟ್ಟೆ ಜೊತೆ ಮಡಕೆಯ ಮಾತೂ ಬರಬೇಕು. ಬಂದವರಿಗೆ ನಾನೇ ಹೇಳ್ತೀನಿ, ಈ ಬಣ್ಣದಲ್ಲಿ ಅರ್ಧ ಇವನದು ಅಂತ."

ಅವನು ಬಟ್ಟೆಯನ್ನು ಮಣ್ಣು ತಾಗದಂತೆ ಮೊಣಕೈಯಿಂದ ಮೆಲ್ಲಗೆ ಸರಿಸಿದ. "ಇದನ್ನ ಮಾರ್ತೀಯಾ?"

"ಇಲ್ಲ. ಈ ತುದಿ ಅಮ್ಮನದು. ಆ ತುದಿ ನಿನ್ನದು."

"ಮತ್ತೆ ನಿನ್ನದು?"

ಕೆಂಪು ಕರಗಿ ಬೂದಿಗೆ ತಿರುಗುವ ನಡುಭಾಗದ ಮೇಲೆ ಅವಳು ಬೆರಳಿಟ್ಟಳು. ಮಣ್ಣು ಮೆತ್ತಿದ ಅವನ ಕೈ ಹತ್ತಿರ ಬಂದು, ಬಟ್ಟೆ ಕೊಳೆಯಾದೀತೆಂದು ಅಳುಕಿ ನಿಂತಿತು.

"ಹಿಡಿ," ಎಂದಳು. "ತೊಳೆದರೆ ಹೋಗುತ್ತೆ."

"ಹೋಗದಿದ್ದರೆ?"

"ಇರಲಿ ಬಿಡು... ಹೂಂ ಅಂತಿದ್ದೀನಿ ಕಣೋ. ಪ್ರದರ್ಶನ ಮುಗೀತಲ್ಲ."